ಬಾಯಲ್ಲಿ ಹೇಳಿದ ಅಳತೆ

ಹೊಟ್ಟೆಯ ಮೇಲೆ ತಣ್ಣಗೆ ಜೆಲ್ ಬಿದ್ದಾಗ ದರ್ಜಿಗೆ ಮೊದಲು ಆದದ್ದು ನಾಚಿಕೆ. ಮೂವತ್ತೊಂದು ವರ್ಷದಿಂದ ಕಂಡವರ ಎದೆ, ಸೊಂಟ, ತೊಡೆಗಳಿಗೆಲ್ಲ ಟೇಪು ಸುತ್ತಿದವನಿಗೆ ತನ್ನ ಮೈಯನ್ನೂ ಒಬ್ಬರು ಹೀಗೆ ಮಲಗಿಸಿ ನೋಡುವ ದಿನ ಬಂದೀತೆಂದು ತೋಚಿರಲೇ ಇಲ್ಲ. ಅಂಗಿಯನ್ನು ಎದೆಯವರೆಗೆ ಮಡಚಿ, ಪ್ಯಾಂಟಿನ ಗುಂಡಿ ಬಿಚ್ಚಿ, ಅವನು ಸೂರು ನೋಡುತ್ತ ಮಲಗಿದ್ದ. ಕೋಣೆಯಲ್ಲಿ ಅರೆಗತ್ತಲೆ. ಕಿಟಕಿಯ ಪರದೆ ಹೊಲಿದವನು ದಾರ ಉಳಿಸಲು ಹೋಗಿ ಅಂಚಿನ ಹೊಲಿಗೆಯನ್ನು ದೂರ ದೂರ ಹಾಕಿದ್ದಾನೆ ಎಂಬುದು ಮಾತ್ರ ಆ ಮಬ್ಬಿನಲ್ಲೂ ಅವನ ಕಣ್ಣಿಗೆ ಬಿತ್ತು. ನಿನ್ನೆ ಸಂಜೆಯಿಂದ ಏನೂ ತಿಂದಿರಲಿಲ್ಲ. ಹಸಿವು ಏರಿ, ಏರಿದ್ದು ಇಳಿದು, ಈಗ ತಲೆ ಹಗುರಾಗಿ ಎಲ್ಲವೂ ಸ್ವಲ್ಪ ಆಚೆ ನಡೆಯುತ್ತಿರುವಂತಿತ್ತು. "ಉಸಿರು ಒಳಗೆ ಎಳ್ಕೊಳ್ಳಿ. ಹಿಡ್ಕೊಳ್ಳಿ," ಎಂದರು ನರೆಗೂದಲಿನ ಡಾಕ್ಟರಮ್ಮ. ಎಳೆದು ಹಿಡಿದ. ನಗು ಬಂತು. ಅಂಗಡಿಯಲ್ಲಿ ಇದು ತಿರುಗುಮುರುಗು. ಸೊಂಟಕ್ಕೆ ಟೇಪು ಬಂತೆಂದರೆ ಸಾಕು, ಎಂಥ ದೊಡ್ಡ ಮನುಷ್ಯನೂ ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುತ್ತಾನೆ. ಆಗ ದರ್ಜಿ ಟೇಪನ್ನು ಸಡಿಲ ಹಿಡಿದು, ಮಗಳ ಪರೀಕ್ಷೆ, ಮನೆಯ ನಲ್ಲಿ, ಮೋಡ, ಏನಾದರೊಂದು ಮಾತು ತೆಗೆಯುತ್ತಾನೆ. ಉತ್ತರ ಹೇಳಲು ಗಿರಾಕಿ ಬಾಯಿ ತೆರೆದದ್ದೇ ತಡ, ಉಸಿರು ಹೊರಗೆ ಬಂದು ಹೊಟ್ಟೆ ತನ್ನ ಜಾಗಕ್ಕೆ ಮರಳಿ ಕೂರುತ್ತದೆ. ಆಗ ಅಳೆಯಬೇಕು.

ಸ್ಕ್ಯಾನ್ ಯಂತ್ರದ ಪರದೆಯ ಮೇಲೆ ಬೂದು ಬಣ್ಣದ ಏನೋ ಮೆಲ್ಲಗೆ ಅಲುಗುತ್ತಿತ್ತು, ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದ ಕೈ ಒರೆಸಿದ ಹಾಗೆ. ಇದು ನಾನೇ ಏನು, ಎಂದು ಅವನು ಅದನ್ನೇ ನೋಡಿದ. ತನ್ನೊಳಗೆ ಇಷ್ಟೊಂದು ಮಂಜು ಇದೆ, ಅದರಲ್ಲಿ ತಾನು ಐವತ್ತೆರಡು ವರ್ಷ ನಡೆದಾಡಿದ್ದೇನೆ ಎನ್ನುವುದು ಒಂದು ತರಹದ ಸುಖವನ್ನೇ ಕೊಟ್ಟಿತು. "ಇದು ಕಿಡ್ನಿ. ಇದು ಲಿವರ್. ಎರಡರ ಬಣ್ಣ ಹೆಚ್ಚುಕಡಿಮೆ ಒಂದೇ ಥರ ಇರ್ಬೇಕು. ನಿಮ್ಮ ಲಿವರ್ ನೋಡಿ, ಹೊಳೀತಾ ಇದೆ," ಎಂದರು ಡಾಕ್ಟರಮ್ಮ. ಒಂದು ಕ್ಷಣ ದರ್ಜಿಗೆ ಹೆಮ್ಮೆಯೇ ಆಯಿತು. ಶಾಲೆಯಲ್ಲಿ ಯಾವತ್ತೂ ಹೊಳೆಯದವನ ಲಿವರ್ ಆದರೂ ಹೊಳೆಯಿತಲ್ಲ.

"ಹೊಳೆಯೋದು ಒಳ್ಳೇದಲ್ವಾ ಮೇಡಂ?"

"ಬಟ್ಟೆಗೆ ಒಳ್ಳೇದು. ಲಿವರ್‌ನಲ್ಲಿ ಹಾಗೆ ಹೊಳೆಯೋದು ಕೊಬ್ಬು."

"ನಾನು ಕುಡಿಯೋನಲ್ಲ ಮೇಡಂ," ಎಂದು ಅವನು ತಟ್ಟನೆ ಅರ್ಧ ಎದ್ದ. ಧ್ವನಿ ತನಗೇ ಅಸಹ್ಯವಾಗುವಷ್ಟು ಜೋರಾಯಿತು. ಬಾಗಿಲ ಬಳಿ ಬರೆದುಕೊಳ್ಳುತ್ತಿದ್ದ ನರ್ಸ್ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. "ನೀವು ಕುಡೀತೀರಿ ಅಂತ ಯಾರಂದ್ರು? ಮಲ್ಕೊಳ್ಳಿ," ಎಂದರು ಡಾಕ್ಟರಮ್ಮ.

ಆಮೇಲೆ ಪಕ್ಕದ ಬೆಳಕಿನ ಕೋಣೆಯಲ್ಲಿ ಕೂರಿಸಿ ಹೇಳಿದರು. ಬಲಗಡೆ ಪಕ್ಕೆಯ ಕೆಳಗೆ ಭಾರ ಅನ್ನುತ್ತಿದ್ದನಲ್ಲ, ಕತ್ತರಿ ಹಾಕುವ ಮೇಜಿಗೆ ಬಗ್ಗಿ ಬಗ್ಗಿ ಹಾಗಾಗಿದೆ ಎಂದು ಅವನು ತಿಳಿದಿದ್ದ. ಮೇಜಿನ ತಪ್ಪೇನೂ ಇರಲಿಲ್ಲ. ದಿನವಿಡೀ ಕೂತು ಮಾಡುವ ಕೆಲಸ, ಗಂಟೆಗೊಮ್ಮೆ ಮೂರು ಚಮಚ ಸಕ್ಕರೆಯ ಚಹಾ, ಜೊತೆಗೆ ಬನ್ನು, ಬಿಸ್ಕತ್ತು. ಮೈ ಖರ್ಚು ಮಾಡದ್ದನ್ನೆಲ್ಲ ಲಿವರ್ ತಾನು ಇಟ್ಟುಕೊಳ್ಳುತ್ತದೆ. ನೋವಿಲ್ಲ, ಜ್ವರವಿಲ್ಲ. ಎಷ್ಟೋ ಜನರಲ್ಲಿ ಅದು ಸುಮ್ಮನೆ ಹಾಗೇ ಇದ್ದುಬಿಡುತ್ತದೆ, ಆದರೆ ಹೃದಯಕ್ಕೆ ಒಳ್ಳೆಯದಲ್ಲ, ಸಕ್ಕರೆ ಕಾಯಿಲೆ ಬೆನ್ನಿಗೇ ಬರಬಹುದು. ಕೆಲವರಲ್ಲಿ ಲಿವರ್ ಉರಿದುಕೊಂಡು, ವಾಸಿಯಾಗಲು ಹೋಗಿ ನಾರು ನಾರಾಗಿ, ಕೊನೆಗೆ ಗಟ್ಟಿಯಾಗುತ್ತದೆ. "ನಿಮ್ಮದು ಇನ್ನೂ ಅಲ್ಲಿಗೆ ಹೋಗಿಲ್ಲ. ದಿನಾ ಬಿರುಸಾಗಿ ನಡೀರಿ, ಸಕ್ಕರೆ ಬಿಡಿ, ಏಳೆಂಟು ಕೆಜಿ ಇಳಿಸಿ. ಬಂದ ದಾರೀಲೇ ವಾಪಸ್ ಹೋಗುತ್ತೆ. ಸೊಂಟ ಎಷ್ಟು ನಿಮ್ದು?"

ದರ್ಜಿ ಕಣ್ಣು ಪಿಳಿಪಿಳಿ ಬಿಟ್ಟ. ತನ್ನ ಪ್ಯಾಂಟುಗಳನ್ನು ವರ್ಷ ವರ್ಷವೂ ತಾನೇ ಬಿಚ್ಚಿ ಸಡಿಲಿಸಿಕೊಂಡಿದ್ದ, ಕೈ ಅಂದಾಜಿನಲ್ಲಿ, ಟೇಪು ಹಿಡಿದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯೇ ಅವನಿಗೆ ಹಿತವಾಗಿತ್ತು. ಜೇಬಿನಲ್ಲಿದ್ದ ಟೇಪನ್ನು ತೆಗೆದು ಅವರ ಕೈಗೇ ಕೊಟ್ಟ. ಅವರು ಸುತ್ತಿ, ನೋಡಿ, "ನಲವತ್ತೊಂದು," ಎಂದು ನರ್ಸ್‌ಗೆ ಕೇಳುವಂತೆ ಕೂಗಿದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೂ ಕೇಳಿಸಿತು. ಮಾತಿಗೆ ಸೆಳೆದು ಉಸಿರು ಬಿಡಿಸಲಿಲ್ಲ, ಧ್ವನಿ ತಗ್ಗಿಸಲಿಲ್ಲ, ಎರಡು ಇಂಚು ಕಡಿಮೆ ಮಾಡಲಿಲ್ಲ. ಅವನ ಕಿವಿ ಬಿಸಿಯಾಯಿತು.

"ಒಂದು ತಿಳ್ಕೊಳ್ಳಿ," ಎಂದು ಡಾಕ್ಟರಮ್ಮ ಚೀಟಿ ಬರೆಯುತ್ತಲೇ ಹೇಳಿದರು. "ಹೊಟ್ಟೆ ದೊಡ್ಡದಾಗ್ತಾ ಇದೆ, ಆದರೆ ತೋಳು, ಭುಜ ಸಣ್ಣ ಆಗ್ತಾ ಇದೆ ಅಂದ್ರೆ ಅದು ದಪ್ಪ ಆಗೋದಲ್ಲ, ಲಿವರ್ ಕೆಟ್ಟು ಹೊಟ್ಟೇಲಿ ನೀರು ತುಂಬೋದು. ಕಾಲು ಬಾವು, ಹಗಲೆಲ್ಲ ತೂಕಡಿಕೆ, ಗೊತ್ತಿರೋ ದಾರಿನೇ ತಪ್ಪೋದು, ಅಂಥದ್ದು ಬಂತು ಅಂದ್ರೆ ಒಂದು ದಿನಾನೂ ಕಾಯಬಾರ್ದು. ಮನೇಲಿ ಬೇರೆ ಯಾರಿಗಾದ್ರೂ ಹೊಟ್ಟೆ ಇದೆಯಾ? ಅಣ್ಣ ತಮ್ಮಂದಿರು?"

"ತಮ್ಮ ಒಬ್ಬ ಇದಾನೆ. ಬಸ್ ಡ್ರೈವರ್."

"ಕೂತೇ ಇರೋ ಕೆಲಸ. ಅವರ ಸೊಂಟ?"

"ಮೂವತ್ತೆರಡು," ಎಂದ ದರ್ಜಿ.

"ಪರವಾಗಿಲ್ಲ ಹಾಗಾದ್ರೆ," ಎಂದರು ಅವರು. "ಅನುಮಾನ ಬಂದ್ರೆ ಕರ್ಕೊಂಡು ಬನ್ನಿ. ಸಂಜೆ ಎಂಟರ ತನಕ ಇರ್ತೀನಿ."

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಬಾಯಿ ತಾನೇ ಆಡಿಬಿಟ್ಟ ಮಾತು. ಇಪ್ಪತ್ತೊಂದು ವರ್ಷದಿಂದ ವರ್ಷಕ್ಕೊಮ್ಮೆ ಯೂನಿಫಾರಂ ಹೊಲಿಸಲು ಬರುವ ತಮ್ಮನ ಸೊಂಟಕ್ಕೆ ಟೇಪು ಸುತ್ತಿ ಕೂಗಿದ್ದೇ ಕೂಗಿ, ಆ ಅಂಕಿ ನಾಲಗೆಯ ಮೇಲೆ ಮನೆ ಕಟ್ಟಿಕೊಂಡಿತ್ತು. ಬಿಸಿಲು ಬಿಳಿಚಿಕೊಂಡಿತ್ತು. ಹೊಟ್ಟೆಯ ಮೇಲೆ ಸರಿಯಾಗಿ ಒರೆಸದೆ ಉಳಿದ ಜೆಲ್ ಅಂಗಿಗೆ ಅಂಟಿ ಚಳಿಚಳಿಯಾಗುತ್ತಿತ್ತು. ಎದುರಿಗೆ ಬರುವವರ ಮುಖ ಅವನಿಗೆ ಕಾಣಲಿಲ್ಲ, ಸೊಂಟಗಳು ಮಾತ್ರ ಕಂಡವು: ಬೆಲ್ಟಿನ ಮೇಲೆ ಮಗುಚಿ ಬಿದ್ದವು, ಬೆಲ್ಟಿನ ಕೆಳಗೆ ಜಾರಿದವು, ಅಂಗಿ ಹೊರಗೆ ಬಿಟ್ಟು ಮುಚ್ಚಿಟ್ಟವು. ಇವುಗಳಲ್ಲಿ ಎಷ್ಟಕ್ಕೆ ತಾನು ಸುಳ್ಳು ಹೇಳಿದ್ದೇನೆ? ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟಿದ್ದ, ಟೇಪು ನಿಜ ಹೇಳ್ಲಿ, ಬಾಯಿ ಮಾನ ಕಾಯ್ಲಿ, ಅಂತ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯಬೇಕು, ಇಲ್ಲದಿದ್ದರೆ ಬಟ್ಟೆ ಕೆಡುತ್ತದೆ. ಬಾಯಲ್ಲಿ ಎರಡು ಮೂರು ಇಂಚು ಕಡಿಮೆ ಕೂಗಬೇಕು, ಇಲ್ಲದಿದ್ದರೆ ಗಿರಾಕಿ ಕೆಡುತ್ತಾನೆ. ಬೇಕಾದರೆ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಮಡಚಿ ಬಿಡು, ಮುಂದಿನ ವರ್ಷ ಬಿಚ್ಚಿಕೊಡಬಹುದು. ಮುದುಕ ಸತ್ತು ಎಷ್ಟೋ ಕಾಲವಾಯಿತು. ಒಳಹೊಲಿಗೆಯಲ್ಲಿ ಮಡಚಿಟ್ಟ ಬಟ್ಟೆ ಹೊರಗಿನವರಿಗೆ ಕಾಣುವುದಿಲ್ಲ. ಲಿವರ್‌ನಲ್ಲಿ ಇಟ್ಟದ್ದೂ ಹಾಗೆಯೇ ಇರಬೇಕು ಎಂದುಕೊಂಡು ಅವನು ರಸ್ತೆ ದಾಟಿದ.

ಪಕ್ಕದಲ್ಲಿ ಬಸ್ಸೊಂದು ಉಸ್ಸೆಂದು ನಿಂತಿತು. ತಮ್ಮನದಲ್ಲ. ಆದರೂ ಅವನು ಡ್ರೈವರಿನ ಸೀಟಿನ ಕಡೆ ನೋಡಿದ. ಹೋದ ತಿಂಗಳು ತಮ್ಮ ಇದೇ ರಸ್ತೆಯಲ್ಲಿ ಎಡಕ್ಕೆ ತಿರುಗಬೇಕಾದವನು ನೇರ ಹೋಗಿ, ಆರು ವರ್ಷದ ಹಿಂದೆ ಬಿಟ್ಟುಹೋದ ಹಳೇ ಮಾರ್ಗದಲ್ಲಿ ಎರಡು ನಿಲ್ದಾಣ ದಾಟಿಬಿಟ್ಟಿದ್ದನಂತೆ. ಜನ ಹೋ ಎಂದು ಕೂಗಿದ ಮೇಲೆ ಎಚ್ಚರ. ಅದನ್ನು ಅಂಗಡಿಯಲ್ಲಿ ಕೂತು ಕೈ ಬೀಸಿ ಬೀಸಿ ಹೇಳಿ ನಕ್ಕಿದ್ದ. "ಬಸ್ಸಿಗೇ ಹಳೇ ಪ್ರೀತಿ ನೆನಪಾಯ್ತು ಅಣ್ಣ, ನಾನೇನ್ ಮಾಡ್ಲಿ!" ದರ್ಜಿಯೂ ನಕ್ಕಿದ್ದ, ಕಣ್ಣಲ್ಲಿ ನೀರು ಬರುವಷ್ಟು. ನಗುನಗುತ್ತಲೇ ತಮ್ಮ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ. ಮಧ್ಯಾಹ್ನ ಮೂರು ಗಂಟೆ. ಪಾಪ, ದಣಿವು ಎಂದುಕೊಂಡು ದರ್ಜಿ ಮಷೀನ್ ನಿಲ್ಲಿಸಿ, ಸದ್ದಾಗದಂತೆ ಕೈಯಲ್ಲೇ ಗುಂಡಿ ಹೊಲಿದಿದ್ದ. ಆ ಹೊತ್ತು ಎಷ್ಟು ಪ್ರೀತಿ ಉಕ್ಕಿತ್ತು ಎನ್ನುವುದು ಈಗ ನೆನಪಾಗಿ, ಆ ಪ್ರೀತಿಯ ಮೇಲೇ ಅವನಿಗೆ ಸಿಟ್ಟು ಬಂತು.

ಅಂಗಡಿ ತೆರೆದು ಪುಸ್ತಕ ತೆಗೆದ. ಪುಸ್ತಕವೆಂದರೆ ಉದ್ದನೆಯ, ರಟ್ಟು ಕಿತ್ತುಹೋದ, ಗಿರಾಕಿಗಳ ಮೈಯೆಲ್ಲ ಅಂಕಿಯಾಗಿ ಕೂತಿರುವ ಪುಸ್ತಕ. ತಮ್ಮನಿಗೆ ಒಂದು ಇಡೀ ಹಾಳೆ ಬಿಟ್ಟಿದ್ದ, ತುಂಬಿದ ಮೇಲೆ ಇನ್ನೊಂದು. ವರ್ಷಕ್ಕೊಂದು ಸಾಲು. ಇಷ್ಟು ವರ್ಷ ಅವನು ಕೊನೆಯ ಸಾಲನ್ನಷ್ಟೇ ನೋಡುತ್ತಿದ್ದ, ಬಟ್ಟೆ ಕತ್ತರಿಸಲು ಅಷ್ಟು ಸಾಕು. ಇವತ್ತು ಮೇಲಿನಿಂದ ಕೆಳಗೆ ಬೆರಳಿಟ್ಟು ಇಳಿದ. ಸೊಂಟ ಮೂವತ್ತೆರಡು, ಮೂವತ್ತಮೂರೂವರೆ, ಮೂವತ್ತೈದು, ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಕೊನೆಯಲ್ಲಿ ನಲವತ್ತೆರಡು. ಪಕ್ಕದ ಅಂಕಣಗಳಲ್ಲಿ ಭುಜವೂ ಎದೆಯೂ ತೋಳೂ ಜೊತೆಗೇ ಏರಿದ್ದವು, ಮೂರು ವರ್ಷದ ಹಿಂದಿನವರೆಗೆ. ಅಲ್ಲಿಂದ ಅವು ಸೊಂಟದ ಕೈ ಬಿಟ್ಟು ಹಿಂದಕ್ಕೆ ತಿರುಗಿದ್ದವು. ತೋಳಿನ ಸುತ್ತು ಹದಿಮೂರೂವರೆ ಇದ್ದದ್ದು ಹನ್ನೊಂದು. ಅದನ್ನು ಬರೆದ ಕೈ ತನ್ನದೇ, ಅಂಕಿಯ ಬಾಲ ಎಳೆಯುವ ರೀತಿ ತನ್ನದೇ. ಬರೆದದ್ದಷ್ಟೇ ಅಲ್ಲ, ಅದನ್ನು ಮುಚ್ಚಲು ಏನೆಲ್ಲ ವಿದ್ಯೆ ಖರ್ಚು ಮಾಡಿದ್ದ! ಭುಜಕ್ಕೆ ತೆಳ್ಳನೆಯ ಪ್ಯಾಡು ಸೇರಿಸಿದ್ದ, ತೋಳಿಗೆ ಎರಡು ಪದರದ ಬಟ್ಟೆ ಹಾಕಿದ್ದ, ಪ್ಯಾಂಟಿನ ಹಿಂಭಾಗದಲ್ಲಿ ಬೆಲ್ಟಿನ ಕೆಳಗೆ ಎಲಾಸ್ಟಿಕ್ ಅಡಗಿಸಿದ್ದ. ತಮ್ಮನ ಹೆಂಡತಿ ಒಮ್ಮೆ ಬಂದು ಮೆತ್ತಗೆ ಹೇಳಿದ್ದಳು, "ಭಾವ, ಇವ್ರ ತೋಳು ನೋಡಿ, ಸಣ್ಣ ಆಗ್ತಿದಾವೆ ಅನ್ಸುತ್ತೆ ನಂಗೆ. ಅಂಗಿ ಹಾಕ್ಕೊಂಡ್ರೆ ಗೊತ್ತಾಗಲ್ಲ." ಗೊತ್ತಾಗದಂತೆ ಹೊಲಿದವನು ತಾನೇ ಅಂತ ಒಳಗೊಳಗೇ ಬೀಗಿ, "ವಯಸ್ಸಾಯ್ತಲ್ಲಮ್ಮ, ಎಲ್ಲರಿಗೂ ಹಾಗೇ," ಎಂದು ಕಳಿಸಿದ್ದ. ತಾನು ಒಳ್ಳೆಯ ದರ್ಜಿ. ಇಷ್ಟು ಒಳ್ಳೆಯ ದರ್ಜಿ ಆಗಿರದಿದ್ದರೆ ಯಾರಾದರೂ ನೋಡಿಬಿಡುತ್ತಿದ್ದರು.

ಮೂವತ್ತೆರಡಕ್ಕೂ ಮೊದಲು ಒಂದು ಹಳೆಯ ಲೆಕ್ಕವಿತ್ತು, ಅದು ಪುಸ್ತಕದಲ್ಲಿ ಇರಲಿಲ್ಲ. ತಮ್ಮ ಚಿಕ್ಕಂದಿನಲ್ಲಿ ದಪ್ಪ. ಶಾಲೆಯ ಓಟದ ದಿನ, ಎಲ್ಲರೂ ಸಾಲಾಗಿ ಬಗ್ಗಿ ನಿಂತಾಗ, ಅವನ ಚಡ್ಡಿ ಹಿಂದೆ ಪರ್ರೆಂದು ಹರಿಯಿತು. ನಗಬೇಕೋ ಬೇಡವೋ ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ, "ಡ್ರಮ್ಮು ಒಡೀತು!" ಎಂದು ಮೊದಲು ಕೂಗಿದವನು ಅಣ್ಣ. ಯಾಕೆ ಕೂಗಿದೆ ಎಂದು ಇಂದಿಗೂ ಗೊತ್ತಿಲ್ಲ. ಬೇರೆಯವರು ಕೂಗುವ ಮೊದಲು ತಾನು ಕೂಗಿಬಿಟ್ಟರೆ ಅವನ ಅಣ್ಣ ಎನ್ನುವ ಅವಮಾನ ತನಗೆ ತಟ್ಟಲಾರದು ಎಂದಿರಬೇಕು. ಆ ಹೆಸರು ಅವನಿಗೆ ಹತ್ತು ವರ್ಷ ಅಂಟಿಕೊಂಡಿತು. ಅಂದು ತಮ್ಮ ಅಳಲಿಲ್ಲ, ಎರಡು ಕೈ ಹಿಂದಕ್ಕೆ ಹಿಡಿದು ಹಿಂದುಹಿಂದಕ್ಕೇ ನಡೆಯುತ್ತ ಮೈದಾನ ದಾಟಿದ್ದ, ಅಣ್ಣನ ಮುಖವನ್ನೇ ನೋಡುತ್ತ. ಮದುವೆಗೆ ಮುಂಚೆ ಉಪವಾಸ ಬಿದ್ದು, ಬೆಳಿಗ್ಗೆ ಸಂಜೆ ಓಡಿ, ಹೇಗೋ ಸೊಂಟವನ್ನು ಮೂವತ್ತೆರಡಕ್ಕೆ ಇಳಿಸಿಕೊಂಡು ಸೂಟಿನ ಅಳತೆಗೆ ಬಂದು ನಿಂತಾಗ, ದರ್ಜಿ ಆ ಅಂಕಿಯನ್ನು ಬೀದಿಗೆ ಕೇಳುವಂತೆ ಕೂಗಿದ್ದ. ತಮ್ಮನ ಮುಖದಲ್ಲಿ ಮೂಡಿದ ಬೆಳಕನ್ನು ನೋಡಿ, ಡ್ರಮ್ಮಿನ ಪಾಪ ತೀರಿತು ಎಂದುಕೊಂಡಿದ್ದ. ಮಾರನೆಯ ವರ್ಷ ಟೇಪು ಮೂವತ್ತಮೂರೂವರೆ ತೋರಿಸಿತು. ಬೆಳಕನ್ನು ಆರಿಸುವ ಧೈರ್ಯ ಯಾರಿಗಿದೆ? ಆಮೇಲೆ ಅದು ಇಬ್ಬರ ನಡುವಿನ ಆಟವಾಯಿತು, ಆಟವೆಂದು ಒಬ್ಬನಿಗೆ ಮಾತ್ರ ಗೊತ್ತಿದ್ದ ಆಟ. "ನಮ್ಮಣ್ಣನ ಟೇಪಿಗೆ ನಾನಿನ್ನೂ ಮದುವೆ ಗಂಡೇ," ಎಂದು ತಮ್ಮ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದ. ಪ್ಯಾಂಟು ಬಿಗಿಯಾದಾಗೆಲ್ಲ ಸರ್ಕಾರಿ ಬಟ್ಟೆ ಒಗೆದರೆ ಕುಗ್ಗುತ್ತದೆ ಎಂದು ಬಟ್ಟೆಗೆ ಬೈಯುತ್ತಿದ್ದ.

ಮಧ್ಯಾಹ್ನ ಗಿರಾಕಿಯೊಬ್ಬರು ಬಂದರು, ಬ್ಯಾಂಡಿನಲ್ಲಿ ತುತ್ತೂರಿ ಊದುವ ದಪ್ಪ ಮೀಸೆಯವರು. ದರ್ಜಿ ಟೇಪು ಸುತ್ತಿದ. ಇವತ್ತಿನಿಂದ ನಿಜ ಹೇಳುತ್ತೇನೆ, ಇವರಿಂದಲೇ ಶುರು, ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ತುತ್ತೂರಿಯವರದು ಉಸಿರಿನ ಕಸುಬು, ಹಿಡಿದರೆಂದರೆ ಬಿಡುವುದೇ ಇಲ್ಲ; ಮನೆಗೆ ಬಂದ ಸೊಸೆಯ ಬಗ್ಗೆ ಕೇಳಿದ ಮೇಲೆ ಬಿಟ್ಟರು. ನಲವತ್ತು. ಬಾಯಿ ತೆರೆದ. "ಮೂವತ್ತಾರು," ಎಂದಿತು ಬಾಯಿ. ಗಿರಾಕಿ ಕನ್ನಡಿಯಲ್ಲಿ ಮೀಸೆ ತಿರುವಿಕೊಂಡರು. ಅವರು ಹೋದ ಮೇಲೆ ದರ್ಜಿ ಹಸಿವು ತಡೆಯಲಾರದೆ ಡಬ್ಬದ ಬಿಸ್ಕತ್ತು ಎರಡು ತಿಂದ, ಮೂರನೆಯದನ್ನು ಕೈಯಲ್ಲಿ ಹಿಡಿದು ಕೂತ. ಮೇಜಿನ ಮೇಲೆ ತಮ್ಮನ ಹೊಸ ಕೋಟು ಕೊನೆಯ ಎರಡು ಗುಂಡಿಗೆ ಕಾಯುತ್ತಿತ್ತು. ಇಪ್ಪತ್ತೈದು ವರ್ಷ ಒಂದು ಗೀರೂ ಆಗದಂತೆ ಬಸ್ ಓಡಿಸಿದ್ದಕ್ಕೆ ನಾಳೆ ಡಿಪೋದಲ್ಲಿ ಸನ್ಮಾನ. ದೊಡ್ಡ ಅಧಿಕಾರಿಗಳು ಬರುತ್ತಾರೆ, ಫೋಟೋ ತೆಗೆಯುತ್ತಾರೆ. ನಾಳೆ ಒಂದು ದಿನ ಕಳೆಯಲಿ, ನಾಡಿದ್ದು ಹೇಳಿದರಾಯಿತು, ಎಂದಿತು ಮನಸ್ಸು. ಒಂದು ದಿನದಲ್ಲಿ ಏನು ಕೊಳ್ಳೆ ಹೋಗುತ್ತದೆ? ಈಗಲೇ ಹೇಳಿದರೆ ಡಾಕ್ಟರು ಅವನನ್ನು ಸ್ಟೀರಿಂಗಿನಿಂದ ಇಳಿಸುತ್ತಾರೆ, ಸನ್ಮಾನದ ಹೊತ್ತಿಗೆ ಅವನು ಡ್ರೈವರೇ ಅಲ್ಲ. ನಾಡಿದ್ದು. ಆ ಮಾತು ಎಷ್ಟು ಮೆತ್ತಗಿತ್ತೆಂದರೆ ಅದರ ಮೇಲೆ ತಲೆಯಿಟ್ಟು ಮಲಗಬಹುದಿತ್ತು. ಮಲಗಿಯೂ ಬಿಟ್ಟ, ಮೇಜಿನ ಮೇಲೆ, ಕೋಟಿನ ತೋಳಿನ ಪಕ್ಕ ಕೆನ್ನೆ ಇಟ್ಟು. ಅರೆನಿದ್ದೆಯಲ್ಲಿ ಬಸ್ಸೊಂದು ಮಂಜಿನಲ್ಲಿ ಹೋಗುತ್ತಿತ್ತು, ಬೂದು ಬಣ್ಣದ ಹೊಳೆಯುವ ಮಂಜು. ಒಳಗೆ ಕೂತವರಿಗೆಲ್ಲ ತಾನೇ ಹೊಲಿದ ಬಟ್ಟೆ, ಯಾರೂ ಮಾತಾಡುತ್ತಿಲ್ಲ, ಎಲ್ಲರೂ ಉಸಿರು ಹಿಡಿದಿದ್ದಾರೆ. ಡ್ರೈವರು ಹಿಂದಕ್ಕೆ ತಿರುಗಿ, "ಅಣ್ಣ, ಎಡಕ್ಕೋ ನೇರವೋ?" ಎಂದು ಕೇಳುತ್ತಾನೆ. ಹೇಳಬೇಕೆಂದರೆ ಇವನ ಬಾಯಲ್ಲಿ ಗುಂಡಸೂಜಿಗಳಿವೆ.

"ಅಣ್ಣಾ! ನಿದ್ದೇನಾ? ಡ್ರೈವರ್ ನಾನು, ತೂಕಡಿಸೋನು ನೀನು!"

ಸಂಜೆ ಐದೂವರೆ. ತಮ್ಮ ಬಾಗಿಲಲ್ಲಿ ನಿಂತಿದ್ದ, ಹಿಂದಿನಿಂದ ಇಳಿಬಿಸಿಲು. ಬೆಳಕು ಹಾಗೆ ಬಿದ್ದಾಗ ಹೊಲಿಗೆಯ ಮೋಸ ನಿಲ್ಲುವುದಿಲ್ಲ. ಅಂಗಿಯ ಒಳಗಿನ ಆಕಾರ ಕಪ್ಪಾಗಿ ಕಂಡಿತು. ಸಣ್ಣ ಕೋಲುಗಳಂಥ ತೋಳು, ನಡುವೆ ತುಂಬಿದ ಕೊಡದಂಥ ಹೊಟ್ಟೆ. ಒಳಗೆ ಬಂದು ಚಪ್ಪಲಿ ಬಿಟ್ಟ. ಪಾದ ಉಬ್ಬಿತ್ತು, ಚಪ್ಪಲಿಯ ಪಟ್ಟಿಯ ಗುರುತು ಅದರಲ್ಲಿ ಆಳವಾಗಿ ಕೂತಿತ್ತು. ಅಂಗಿ ಬಿಚ್ಚಿಟ್ಟು ಕೋಟು ತೊಟ್ಟುಕೊಂಡು ಕನ್ನಡಿಯ ಮುಂದೆ ಆಚೆ ಈಚೆ ತಿರುಗಿದ. "ಏನ್ ಹೊಲಿದಿದ್ದೀಯ ಅಣ್ಣ! ನಾಳೆ ಹಾರ ಹಾಕೋಕೆ ಬಂದೋರು ಯಾರಿವ್ರು ಮದುಮಗ ಅಂತ ವಾಪಸ್ ಹೋಗ್ಬಿಟ್ಟಾರು." ಆಮೇಲೆ ಎಂದಿನಂತೆ, ಕೇಳದೆಯೇ, ಎರಡು ಕೈಯನ್ನೂ ಪಕ್ಕಕ್ಕೆ ಚಾಚಿ ನಿಂತ. "ಸುತ್ತು. ನಾಳೆ ಎಲ್ಲರೂ ಕೇಳ್ತಾರೆ."

ದರ್ಜಿ ಮಂಡಿಯೂರಿ ಟೇಪು ಸುತ್ತಿದ. ಹೊಟ್ಟೆ ಟೇಪಿನ ಕೆಳಗೆ ಮೆತ್ತಗಿರಲಿಲ್ಲ, ಬಿಗಿದುಕೊಂಡಿತ್ತು. ಇಷ್ಟು ಹತ್ತಿರದಿಂದ ತಮ್ಮನ ಉಸಿರು ಕೇಳಿಸುತ್ತಿತ್ತು. ಈಗ ಮೂವತ್ತೆರಡು ಎಂದರೆ ಎಲ್ಲವೂ ನಾಳೆಯವರೆಗೆ ಚೆಂದವಾಗಿರುತ್ತದೆ. ನಾಳೆ ಬೆಳಿಗ್ಗೆ ಆರಕ್ಕೆ ಇವನು ಮೊದಲ ಬಸ್ಸು ತೆಗೆಯುತ್ತಾನೆ, ಎಡಕ್ಕೋ ನೇರವೋ. ಬಾಯಿ ತಾನೇ ಮಾತಾಡಿಬಿಡದಿರಲಿ ಎಂದು ದರ್ಜಿ ಟೇಪಿನ ಅಂಕಿಯ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು, ಓದಲು ಬಾರದವನಂತೆ ಒಂದೊಂದೇ ಅಕ್ಷರ ಹೇಳಿದ.

"ನಲವತ್ತ ಮೂರೂವರೆ."

ತಮ್ಮ ನಕ್ಕ. "ಆಯ್ತು, ಈಗ ನಿಜ ಹೇಳು."

"ಇದೇ ಕಣೋ ನಿಜ."

"ತಮಾಷೆ ಸಾಕು ಅಣ್ಣ."

"ಇಷ್ಟು ದಿನ ಮಾಡಿದ್ದು ತಮಾಷೆ." ದರ್ಜಿ ಎದ್ದು ಪುಸ್ತಕ ತೆರೆದು ಅವನ ಮುಂದೆ ಇಟ್ಟ. ಬೆಳಿಗ್ಗೆ ಸ್ಕ್ಯಾನ್ ಆದದ್ದು, ತನ್ನದೂ ನಲವತ್ತೊಂದು ಎಂದು ತಿಳಿದದ್ದು, ಲಿವರ್ ಸದ್ದಿಲ್ಲದೆ ಕೆಡುವುದು, ತೋಳು ಸಣ್ಣಗಾಗುವುದು, ಬಸ್ಸು ಹಳೇ ದಾರಿ ಹಿಡಿದದ್ದು ಬರಿಯ ದಣಿವಲ್ಲದಿರಬಹುದು ಎನ್ನುವುದು, ಎಲ್ಲವನ್ನೂ ಹೇಳಿದ. ಹಿಂದುಮುಂದಾಗಿ ಹೇಳಿದ. "ಡಾಕ್ಟರಮ್ಮ ಎಂಟರ ತನಕ ಇರ್ತಾರಂತೆ. ಈಗಲೇ ಹೋಗೋಣ. ನಾಳೆ ಬೆಳಿಗ್ಗೆ ಬಸ್ ತೆಗೀಬೇಡ. ನಿನ್ ಕಾಲಿಗೆ ಬೀಳ್ತೀನಿ."

ತಮ್ಮ ಕೋಟಿನಲ್ಲೇ ಕುರ್ಚಿಯ ಮೇಲೆ ಕೂತು ಪುಸ್ತಕದ ಹಾಳೆಯನ್ನು ನೋಡಿದ. ಸಾಲುಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿದ, ಮತ್ತೆ ಮೇಲಕ್ಕೆ ಹೋದ. ಬೈಯುತ್ತಾನೆ, ಪುಸ್ತಕ ಎಸೆಯುತ್ತಾನೆ, ಆ ಮೈದಾನದ ಮಾತು ಎತ್ತುತ್ತಾನೆ ಎಂದು ದರ್ಜಿ ತಲೆ ತಗ್ಗಿಸಿ ಕಾದ. ಒಂದು ಏಟು ಬಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಇದು ಯಾವ ವರ್ಷದ್ದು?" ಎಂದು ತಮ್ಮ ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿದ.

"ಮೂರು ವರ್ಷದ ಹಿಂದಿಂದು."

"ನಲವತ್ತು ಅಂತ ಇದೆ."

"ಹೂಂ."

"ಆ ವರ್ಷ ಡಿಪೋದಲ್ಲಿ ಆರೋಗ್ಯ ತಪಾಸಣೆ ಅಂತ ಮಾಡಿದ್ರು," ಎಂದ ತಮ್ಮ. ಅವನ ಧ್ವನಿ ಕಥೆ ಹೇಳುವವನದ್ದೇ ಆಗಿತ್ತು, ಹಳೇ ಮಾರ್ಗದ ಕಥೆ ಹೇಳಿದಾಗಿನದ್ದೇ. "ಆಗ ತಾನೇ ಓದು ಮುಗಿಸಿ ಬಂದಿದ್ದ ಒಬ್ಬಳು ಚಿಕ್ಕ ಹುಡುಗಿ, ಡಾಕ್ಟರ್. ನನ್ ಸೊಂಟ ಸುತ್ತಿ ನಲವತ್ತು ಅಂದ್ಲು. ಚೀಟಿ ಬರೆದು ಕೊಟ್ಲು, ಲಿವರ್ ನೋಡಿಸ್ಕೊಳ್ಳಿ, ಈಗಾದ್ರೆ ಪೂರ್ತಿ ಸರಿ ಹೋಗುತ್ತೆ, ತಡ ಮಾಡ್ಬೇಡಿ ಅಂತ. ನಾನು ಎಲ್ಲರ ಎದುರಿಗೇ ನಕ್ಬಿಟ್ಟೆ. ಏನಮ್ಮ, ನಮ್ಮಣ್ಣ ಹುಟ್ಟಾ ಟೇಲರ್, ಅವ್ನು ವರ್ಷ ವರ್ಷ ಅಳೆದು ಮೂವತ್ತೆರಡು ಅಂತಾನೆ, ನೀನು ನಿನ್ನೆ ಟೇಪು ಹಿಡಿದೋಳು, ಮೊದಲು ಅದನ್ನ ಹಿಡಿಯೋದು ಕಲಿ ಹೋಗು ಅಂದೆ. ಇಡೀ ಡಿಪೋ ನಕ್ತು. ಚೀಟಿ ಅಲ್ಲೇ ಹರಿದು ಹಾಕ್ದೆ."

ದರ್ಜಿಯ ಕೈಯಲ್ಲಿ ಟೇಪು ಇತ್ತು. ಅವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ. ಮೂರು ವರ್ಷ. ಈಗಾದ್ರೆ ಪೂರ್ತಿ ಸರಿ ಹೋಗುತ್ತೆ. ತಮ್ಮ ಎದ್ದು ಕೋಟು ಬಿಚ್ಚಿ, ಮಡಿಕೆ ಕೆಡದಂತೆ ಹ್ಯಾಂಗರಿಗೆ ಹಾಕಿ, ಬನಿಯನ್ನಿನಲ್ಲಿ ನಿಂತ. ಆ ಭುಜಗಳು ಎಷ್ಟು ಸಣ್ಣವಿದ್ದವು. ಅಂಗಿ ತೊಟ್ಟು ಒಂದೊಂದೇ ಗುಂಡಿ ಹಾಕಿಕೊಂಡು, ಚಪ್ಪಲಿಗೆ ಕಾಲು ತುರುಕಿ, "ನಡಿ, ಹೋಗೋಣ," ಎಂದ. ಬಾಗಿಲ ತನಕ ಹೋದವನು ನಿಂತು ಹಿಂದಕ್ಕೆ ತಿರುಗಿದ.

"ಅವಳು ತಲೆ ತಗ್ಗಿಸಿ ಟೇಪು ಸುತ್ತಿಟ್ಕೊಂಡ್ಲು ಅಣ್ಣ, ಕಣ್ಣಲ್ಲಿ ನೀರು ತುಂಬಿತ್ತು," ಎಂದ. "ಪಾಪ, ಸರಿಯಾಗೇ ಅಳೆದಿದ್ಲು."